ಮಾಳಿಗೆ ಮೇಲೆ ಖೋಲಿ, ಪತ್ರಾಸ್ ಶೆಡ್: ಪರವಾನಗಿ ಬೇಕೇ ಅಂತ ಕೇಳಿದ ಅಕ್ಕಾರಿಗೆ

ಅಕ್ಕಾರ, ನಮಸ್ಕಾರ. ರೋ ಹೌಸಿನ (ಸಾಲುಮನೆಯ) ಮಾಳಿಗೆ ಮೇಲೆ ಒಂದು ಖೋಲಿ, ಅದರ ಮುಂದೆ ಗಿಡಗಳಿಗೆ ಪತ್ರಾಸ್ (ತಗಡಿನ) ಶೆಡ್ ಹಾಕಿಸಬೇಕು, "ಮನಿ ನಿಮ್ಮದೇ ಅಲ್ಲೇನ್ರಿ, ಪರವಾನಗಿ ಯಾಕ?" ಅಂತ ಗುತ್ತೇದಾರ ಅಂದಾನ ಅಂತ ಬರೆದೀರಿ. ಅವನಿಗೆ ಅಡ್ವಾನ್ಸ್ ಕೊಟ್ಟಿರದಿದ್ದರೆ ತಡೀರಿ.

ನಮ್ಮ ಮಹಾರಾಷ್ಟ್ರದಲ್ಲಿ ಕುಂಡ, ಗ್ರೋ ಬ್ಯಾಗ್ ಇಡಲು ಪಾಲಿಕೆಯನ್ನು ಕೇಳಬೇಕಿಲ್ಲ. ಮನೆಯೊಳಗಿನ ಗಿಲಾವು, ಫರಸಿ, ಬಣ್ಣಕ್ಕೂ ಬೇಡ. ಹೊರರೂಪ ಬದಲಾಗದ ಇಂಥ ಕೆಲಸಗಳನ್ನು 1966ರ ಎಂಆರ್‌ಟಿಪಿ (ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನೆ) ಕಾಯ್ದೆಯ 43ನೇ ಕಲಮೇ ಬಿಟ್ಟುಕೊಟ್ಟಿದೆ. ಆದರೆ ಬೋಲ್ಟ್ ಹಾಕಿ ಕಂಬ ನಿಂತು ಮೇಲೆ ಗಟ್ಟಿ ಹೊದಿಕೆ ಬಿತ್ತೋ, ಅದು ಬಾಂಧಕಾಮ, ಅಂದ್ರೆ ಕಟ್ಟಡದ ಕೆಲಸ. "ಟೆಂಪರರಿ" ಅಂದರೆ ಬಿಡುವುದಿಲ್ಲ.

ಇದನ್ನ ನಾನು ದುಡ್ಡು ಕಳಕೊಂಡು ಕಲಿತದ್ದು. ನಮ್ಮ ಮಾಳಿಗೆ ಮೇಲೂ ಆ್ಯಂಗಲ್ ನಿಲ್ಲಿಸಿ ಪತ್ರಾಸ್ ಹೊಡೆಸಿದ್ದೆ, ಮಲ್ಲಿಗೆ ಬಳ್ಳಿನೂ ಹಬ್ಬಿತ್ತು. ಮಳೆಗಾಲಕ್ಕೆ ಅದರ ನೀರೆಲ್ಲ ಪಕ್ಕದವರ ಗೋಡೆಗೆ ಸುರಿಯಿತು, ಅವರು ತಕರಾರು ಅರ್ಜಿ ಕೊಟ್ಟರು, ನಮ್ಮ ಗೇಟಿಗೆ ನೋಟಿಸ್ ಅಂಟಿತು. ಕೊನೆಗೆ ನಾನೇ ಗ್ಯಾಸ್ ಕಟರಿನವನನ್ನ ಕರೆಸಿ ಕೊಯ್ಯಿಸಿದೆ. ಬೋಲ್ಟ್ ಕೂರಿಸಿದ್ದ ತೂತುಗಳು ಈಗಲೂ ಸೋರತಾವ. ಜೂನ್ ಬಂತಂದ್ರೆ ಕೆಳಗಿನ ಖೋಲಿಯಲ್ಲಿ ಬಕೆಟ್ ಇಡಬೇಕು.

ಅದಕ್ಕೇ ಮೊದಲು ಮಂಜೂರಾದ ನಕಾಶೆಯ ಪ್ರತಿ ತೆಗೆಸ್ರಿ. ಬಿಲ್ಡರ್ ಕೊಟ್ಟ ಬಣ್ಣದ ಬ್ರೋಶರ್ ಅಲ್ಲ, ಪಾಲಿಕೆಯ ಸಿಕ್ಕಾ (ಮುದ್ರೆ) ಬಿದ್ದದ್ದು. ಅದರಲ್ಲಿ ಮಾಳಿಗೆಯನ್ನು 'ಓಪನ್ ಟೆರೇಸ್' ಅಂತ ತೋರಿಸ್ಯಾರೋ ನೋಡ್ರಿ. ಮೂಲೆಯಲ್ಲಿರುವ ಎಫ್‌ಎಸ್‌ಐ (ಜಾಗದ ಅಳತೆಗೆ ಒಟ್ಟು ಎಷ್ಟು ಕಟ್ಟಬಹುದು ಅನ್ನೋ ಮಿತಿ) ಕೋಷ್ಟಕದಲ್ಲಿ ಎಷ್ಟು ಬಾಕಿ ಉಳಿದಿದೆ ನೋಡ್ರಿ. ರೋ ಹೌಸಿನವರು ಎಡವುವುದು ಇಲ್ಲೇ: ಬಹಳ ಕಡೆ ಎಫ್‌ಎಸ್‌ಐ ಲೆಕ್ಕ ಇಡೀ ಲೇಔಟಿಗೆ ಸೇರಿದ್ದು. ಬಿಲ್ಡರ್ ಅದನ್ನೆಲ್ಲ ತಿಂದು ಮುಗಿಸಿದ್ದರೆ, ಮಾಳಿಗೆ ನಿಮ್ಮದಿದ್ದರೂ ಮೇಲೆ ಖೋಲಿ ಏಳುವುದಿಲ್ಲ. ಪ್ರಾಪರ್ಟಿ ಕಾರ್ಡ್ ಅಥವಾ ಸಾತ್‌ಬಾರಾ (ಪಹಣಿ) ಸೊಸೈಟಿ ಹೆಸರಿಗಿದ್ದರೆ ಅವರ ಎನ್‌ಓಸಿ (ಒಪ್ಪಿಗೆ ಪತ್ರ) ಇಲ್ಲದೆ ಅರ್ಜಿ ಮುಂದೆ ಸರಿಯದು.

ನಮ್ಮ ಗುಂಪಿನಲ್ಲಿ ಯಾರೋ "1500 ಚದರಡಿವರೆಗೆ ಪರವಾನಗಿನೇ ಬೇಡ" ಅಂದಾರ. ಅರ್ಧ ನಿಜ. 2020ರ ಯುಡಿಸಿಪಿಆರ್‌ನಲ್ಲಿ (ರಾಜ್ಯದ ಏಕೀಕೃತ ಕಟ್ಟಡ ನಿಯಮಾವಳಿಯಲ್ಲಿ) 150 ಚದರ ಮೀಟರ್‌ವರೆಗಿನ ಪ್ಲಾಟಿಗೆ ಆ ಸವಲತ್ತು ಇರುವುದು ಹೌದು. ಆದರೂ ನಕಾಶೆ ಸಲ್ಲಿಸಿ, ಶುಲ್ಕ ತುಂಬಿ, ಅದರ ರಸೀದಿ ತಗೊಳ್ಳಬೇಕು. ಮಾರ್ಜಿನ್ (ಮನೆ ಸುತ್ತ ಬಿಡಬೇಕಾದ ಜಾಗ), ಎಫ್‌ಎಸ್‌ಐ ನಿಯಮ ಎಲ್ಲ ಹಾಗೇ ಇರತಾವ. ಮುಂಬೈಯವರಿಗಂತೂ ಇದು ಲಾಗೂ ಇಲ್ಲ, ಅಲ್ಲಿಯದು ಬೇರೆ, ಡಿಸಿಪಿಆರ್ 2034.

ಎಫ್‌ಎಸ್‌ಐ ಉಳಿದಿದ್ದರೆ ಲೈಸೆನ್ಸ್ ಇರುವ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಕಡೆಯಿಂದ ಅರ್ಜಿ ಹಾಕಿಸ್ರಿ. ಮಂಜೂರಾತಿ ಒಂದು ವರ್ಷ ನಡೀತದ, ಆಮೇಲೆ ನವೀಕರಣ. ಹೆಚ್ಚುವರಿ ಖೋಲಿಗೆ ತೆರಿಗೆ ಕಟ್ಟಿದ ಮಾತ್ರಕ್ಕೆ ಅದು ಅಧಿಕೃತ ಆಗೋದಿಲ್ಲ, ರಸೀದಿ ನಂಬಿ ಕೂಡಬೇಡ್ರಿ.

ನಮ್ಮ ಗುಂಪಿನವರೆಲ್ಲ ಮರೆಯೋದು ಭಾರದ ಮಾತು. ಒಂದಡಿ ದಪ್ಪದ ಹಸಿ ಮಣ್ಣಿನ ಮಡಿ ಅಂದ್ರೆ ಚದರ ಮೀಟರಿಗೆ ಹೆಚ್ಚುಕಡಿಮೆ 500 ಕಿಲೋ. ಓಡಾಡುವ ಮಾಳಿಗೆಗೆ ಡಿಸೈನಿನಲ್ಲಿ ಸಾಮಾನ್ಯವಾಗಿ ಹಿಡಿಯುವುದು ಸುಮಾರು 150. ಖೋಲಿಯ ಜೊತೆ ಮಡಿಯನ್ನೂ ಎಂಜಿನಿಯರಿಗೆ ತೋರಿಸ್ರಿ.

ಈ ಬೇಸಿಗೆಗೆ ಬಿದಿರು ಗಳಕ್ಕೆ ಹಸಿರು ನೆಟ್ ಕಟ್ಟಿಕೊಳ್ರಿ, ಮಳೆ ಬಂದಾಗ ಬಿಚ್ಚಿ ಮಡಚಿಡಬಹುದು. ನಕಾಶೆ ಸಿಕ್ಕ ಮೇಲೆ ಆ ಕೋಷ್ಟಕದ ಫೋಟೋ ಇಲ್ಲಿ ಹಾಕ್ರಿ, ಹೆಸರು, ಸರ್ವೆ ನಂಬರ್ ಮುಚ್ಚಿ. ಕೂತು ಲೆಕ್ಕ ಹಾಕೋಣ.