ಬೋಳುಗುಡ್ಡವಲ್ಲ, ಹುಲ್ಲುಗುಡ್ಡ

ಪ್ರಶ್ನೆ: ಗೆಳೆಯರೊಂದಿಗೆ ಕಳಸದ ಕಡೆಯಿಂದ ಕುದುರೆಮುಖ ಶಿಖರ ಏರಿ ಬಂದೆ. ಕಣಿವೆಗಳಲ್ಲಿ ಮಾತ್ರ ಕಾಡಿದೆ, ಗುಡ್ಡದ ನೆತ್ತಿಗಳೆಲ್ಲ ಬೋಳು. ಅಲ್ಲಿದ್ದ ಮರಗಳನ್ನು ಕಡಿದರೇ? ನಮ್ಮ ಯುವಕ ಸಂಘದಿಂದ ಅಲ್ಲಿ ಸಸಿ ನೆಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಅವು ಮರ ಕಡಿದು ಬೋಳಾದ ಗುಡ್ಡಗಳಲ್ಲ. ಗುಡ್ಡದ ಮಡಿಲುಗಳಲ್ಲಿ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು, ಏಣುಗಳ ಮೇಲೆ ಹುಲ್ಲು. ಪಶ್ಚಿಮ ಘಟ್ಟದ ಎತ್ತರದ ನೆಲದ ಸ್ವರೂಪವೇ ಅದು. ನೆತ್ತಿಯಲ್ಲಿ ಮಣ್ಣು ತೆಳು, ಮುಂಗಾರಿನ ಗಾಳಿಗೆ ತಡೆಯಿಲ್ಲ, ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಹುಲ್ಲು ಬುಡದಿಂದ ಮತ್ತೆ ಚಿಗುರುತ್ತದೆಯಾದರೂ ಎಳೆಯ ಮರ ಉಳಿಯುವುದು ಕಷ್ಟ. ಇವುಗಳಲ್ಲಿ ಯಾವುದರ ಪಾಲೆಷ್ಟು, ದನಗಾಹಿಗಳ ಬೆಂಕಿಯ ಪಾಲೆಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ ಇಂಥದೇ ಹುಲ್ಲುಗಾವಲಿರುವ ನೀಲಗಿರಿಯ ಜೌಗು ಮಣ್ಣನ್ನು ಪರೀಕ್ಷಿಸಿದಾಗ, ಅಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಹುಲ್ಲು ಹರಡಿತ್ತೆಂಬುದು ಖಚಿತವಾಗಿದೆ.

ಮುಂದಿನ ಸಲ ಹೋದಾಗ ಶೋಲಾದ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಬಿಸಿಲಿನ ಹುಲ್ಲಿನಿಂದ ನಾಲ್ಕು ಹೆಜ್ಜೆ ಒಳಗಿಟ್ಟರೆ ತಂಪು ನೆರಳು; ಪಾಚಿ ಹೊದ್ದ ಗಿಡ್ಡ ಮರಗಳು, ಕೊಂಬೆಗಳಲ್ಲಿ ಸೀತಾಳೆ ದಂಡೆ, ಕಾಲಡಿಯಲ್ಲಿ ಕುಸಿಯುವ ತರಗೆಲೆಯ ಮೆತ್ತೆ, ಅದರಡಿಯಿಂದ ಬೆರಳು ಗಾತ್ರದಲ್ಲಿ ಹೊರಡುವ ನೀರು. ಮಳೆಯ ನೀರನ್ನು ಹುಲ್ಲೂ ಶೋಲಾವೂ ಸೇರಿ ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಮೇವಿಗಾಗಿ ಕಡವೆ, ಕಾಟಿಗಳು ಬರುವುದೂ ನೀವು ಬೋಳೆಂದ ಈ ಇಳಿಜಾರುಗಳಿಗೇ.

ಅಲ್ಲಿ ಮನುಷ್ಯ ಕೈ ಹಾಕಲಿಲ್ಲವೆಂದಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಮೇಲೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದೇ ಇತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಅದು ನಿಂತದ್ದು 2005ರ ಕೊನೆಗೆ. ಅದಿರು ತೊಳೆದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ತುಂಬಿ ನಿಂತಿದೆ. ಗಾಯವನ್ನೇ ಹುಡುಕುವುದಾದರೆ ಅದನ್ನು ನೋಡಬೇಕು, ಹುಲ್ಲನ್ನಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು.

ಇನ್ನು ಸಸಿಗಳ ವಿಚಾರ. ದಯವಿಟ್ಟು ಬೇಡ. ನೀಲಗಿರಿಯಲ್ಲಿ ಬ್ರಿಟಿಷರ ಕಾಲದಿಂದ ಹುಲ್ಲುಗಾವಲಿನ ಮೇಲೆ ನೆಟ್ಟ ವ್ಯಾಟಲ್ (ಅಕೇಶಿಯಾ ಜಾತಿಯ ಹೊರದೇಶದ ಮರ) ಮತ್ತು ನೀಲಗಿರಿ ಮರಗಳು ಹುಲ್ಲನ್ನು ನುಂಗಿದವು. ವ್ಯಾಟಲ್ ಅಂತೂ ಕಿತ್ತಷ್ಟೂ ಹುಟ್ಟುತ್ತಿದೆ. ಉದ್ಯಾನದೊಳಗೆ ಹಾಗೆ ನೆಡುವುದಕ್ಕೆ ಕಾನೂನಿನ ಅವಕಾಶವೂ ಇಲ್ಲ. ನಿಮ್ಮ ಸಂಘದವರ ಉತ್ಸಾಹಕ್ಕೆ ಹಾಸನದ ಸುತ್ತಲಿನ ರಸ್ತೆಬದಿಗಳೂ ಶಾಲೆಯ ಅಂಗಳಗಳೂ ಇವೆ. ಹೊಂಗೆ, ಬೇವು, ನೇರಳೆ ಅಲ್ಲಿ ಚೆನ್ನಾಗಿ ಬರುತ್ತವೆ.