ಬೆಳ್ಳಕ್ಕಿ ಸುಣ್ಣದ ಮುದ್ದೆಯಂತೆ ಕಾಣುವುದೇಕೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ದಿನವೂ ಬೆಳಗ್ಗೆ ಜಕ್ಕೂರು ಕೆರೆಯ ಸುತ್ತ ನಡೆಯುತ್ತೇನೆ. ಮಗಳು ಕೊಡಿಸಿದ ಕ್ಯಾಮೆರಾ ಮತ್ತು 70–300 ಮಿ.ಮೀ. ಲೆನ್ಸ್‌ನಲ್ಲಿ ಆರು ತಿಂಗಳಿಂದ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದೇನೆ. ಬೆಳ್ಳಕ್ಕಿಗಳು ಗರಿಯ ಗುರುತಿಲ್ಲದ ಸುಣ್ಣದ ಮುದ್ದೆಯಂತೆ ಬರುತ್ತವೆ, ಹಾರುವ ಹಕ್ಕಿಗಳು ಮಸುಕಾಗುತ್ತವೆ, ಹತ್ತಿರ ಹೋದರೆ ಎಲ್ಲವೂ ಎದ್ದು ಹೋಗುತ್ತವೆ. ಪುರಿ ಎರಚಿದರೆ ಹತ್ತಿರ ಬರುತ್ತವೆ ಎಂದು ಜೊತೆಯಲ್ಲಿ ನಡೆಯುವವರೊಬ್ಬರು ಹೇಳುತ್ತಾರೆ. ಹಾಗೆ ಮಾಡಬಹುದೇ, ಅಥವಾ ದೊಡ್ಡ ಲೆನ್ಸ್ ಕೊಳ್ಳಬೇಕೇ?

ಉತ್ತರ: ಲೆನ್ಸ್ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ತೊಂದರೆಗಳಲ್ಲಿ ದೊಡ್ಡದು ಹಕ್ಕಿ ಎದ್ದು ಹೋಗುವುದು, ಅದು ಹಣದಿಂದ ಬಗೆಹರಿಯುವಂಥದ್ದಲ್ಲ. ಏರಿಯ ಮೇಲೆ ಮಾತನಾಡುತ್ತ ಸಾಗಿಹೋಗುವ ಜನರನ್ನು ದಿನವೂ ಕಾಣುವ ಕೊಳದ ಬಕ ಅವರಿಗೆಲ್ಲ ಕದಲುವುದಿಲ್ಲ; ಆದರೆ ಅವರಲ್ಲೊಬ್ಬರು ನಿಂತು, ತನ್ನ ಕಡೆಗೆ ತಿರುಗಿ, ಉದ್ದನೆಯ ಕರಿಯ ಕೊಳವೆಯೊಂದನ್ನು ಮುಖಕ್ಕೆ ಹಿಡಿದಾಗ ಅದಕ್ಕೆ ಅನುಮಾನ ಬರುತ್ತದೆ. ಭುಜದೊಳಗೆ ಕುಗ್ಗಿಸಿಕೊಂಡಿದ್ದ ಕತ್ತು ಮೆಲ್ಲಗೆ ಮೇಲೇಳುತ್ತದೆ, ಮೈ ಸಪೂರವಾಗುತ್ತದೆ. ಇನ್ನೊಂದು ಹೆಜ್ಜೆ ಮುಂದಿಟ್ಟರೆ, ಅಲ್ಲಿಯವರೆಗೆ ಕೆಸರಿನ ಬಣ್ಣದಲ್ಲಿ ಅಡಗಿದ್ದ ಹಕ್ಕಿ ಬಿಳಿಯ ರೆಕ್ಕೆ ಬಿಚ್ಚಿ ಹೊರಟೇಬಿಡುತ್ತದೆ. ಕತ್ತು ಎದ್ದದ್ದನ್ನು ಕಂಡರೆ ಸುಮ್ಮನೆ ನಿಂತರೆ ಸಾಲದು, ಎರಡು ಹೆಜ್ಜೆ ಹಿಂದಕ್ಕೆ ಸರಿಯಬೇಕು.

ಅದಕ್ಕಿಂತ ಒಳ್ಳೆಯದು, ಹಕ್ಕಿ ಬರುವ ಮೊದಲೇ ಹೋಗಿ ಕೂರುವುದು. ನೀರು ಕೆರೆಗೆ ಸೇರುವ ಕಡೆ, ಜೊಂಡಿನ ಅಂಚು, ಮೀನು ಓಡಾಡುವ ಆಳವಿಲ್ಲದ ಜಾಗ, ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಅರ್ಧ ಗಂಟೆ ಅಲುಗಾಡದೆ ಕುಳಿತರೆ ಎದ್ದುಹೋದವುಗಳಲ್ಲಿ ಕೆಲವಾದರೂ ತಾವಾಗಿಯೇ ಮರಳುತ್ತವೆ. ಕುಳಿತಾಗ ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯುವುದರಿಂದ ಚಿತ್ರದ ಹಿನ್ನೆಲೆಯೂ ಹಿತವಾಗಿ ಮಸುಕಾಗುತ್ತದೆ. ಮಂಡಿನೋವಿದ್ದರೆ ಮಡಚುವ ಸಣ್ಣ ಸ್ಟೂಲ್ ಒಯ್ಯಿರಿ.

ಎಲ್ಲಿ ಕೂರಬೇಕೆಂಬುದನ್ನು ಬಿಸಿಲಿನ ಜೊತೆಗೆ ಗಾಳಿಯನ್ನೂ ನೋಡಿ ನಿರ್ಧರಿಸಬೇಕು. ಹೆಚ್ಚಿನವರು ಈ ಎರಡನೆಯದನ್ನು ಮರೆಯುತ್ತಾರೆ. ನೀರುಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ನಾಲ್ಕೈದು ಕಿಲೋ ತೂಗುವ ಹೆಜ್ಜಾರ್ಲೆಯಂಥ (ಪೆಲಿಕನ್) ಹಕ್ಕಿಗಂತೂ ಬೇರೆ ದಾರಿಯೇ ಕಷ್ಟ. ಬೆಂಗಳೂರಿನಲ್ಲಿ ಚಳಿಗಾಲದ ಗಾಳಿ ಬಹುತೇಕ ಪೂರ್ವದಿಂದ ಬೀಸುತ್ತದೆ. ಆದ್ದರಿಂದ ಡಿಸೆಂಬರ್ ಬೆಳಗಿನಲ್ಲಿ ಕೆರೆಯ ಪೂರ್ವ ದಡದಲ್ಲಿ ಕುಳಿತರೆ ಸೂರ್ಯನೂ ಗಾಳಿಯೂ ನಿಮ್ಮ ಬೆನ್ನಿಗಿರುತ್ತವೆ, ಹೆಜ್ಜಾರ್ಲೆ ನಿಮಗೆ ಮುಖಮಾಡಿ, ಪಾದಗಳನ್ನು ಮುಂದಕ್ಕೆ ಚಾಚಿ, ನೀರನ್ನು ಸೀಳುತ್ತ ಬಂದಿಳಿಯುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಅದೇ ಜಾಗದಿಂದ ನಿಮಗೆ ಹಕ್ಕಿಗಳ ಬೆನ್ನಷ್ಟೇ ಸಿಕ್ಕೀತು. ಆಗ ಸಂಜೆಯ ಹೊತ್ತು ಪಶ್ಚಿಮದ ದಡವೇ ಲೇಸು. ನಮ್ಮ ಊರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಸೂರ್ಯ ಬೇಗ ಮೇಲೇರುತ್ತಾನೆ, ಎಳೆಬಿಸಿಲು ಹೆಚ್ಚು ಹೊತ್ತು ಉಳಿಯುವುದಿಲ್ಲ.

ಇನ್ನು ಸುಣ್ಣದ ಮುದ್ದೆಯ ವಿಚಾರ. ಕ್ಯಾಮೆರಾದ ಬೆಳಕಿನ ಮಾಪಕ ಎದುರಿಗಿರುವ ದೃಶ್ಯವನ್ನೆಲ್ಲ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ನೀರಿದ್ದು ನಡುವೆ ಒಂದು ಬೆಳ್ಳಕ್ಕಿ ಇದ್ದರೆ, ಮಾಪಕ ನೀರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಟ್ಟುಬಿಡುತ್ತದೆ, ಅಂದರೆ ವಿವರವಿಲ್ಲದ ಬರೀ ಬಿಳುಪಾಗಿಸುತ್ತದೆ. ಚಿತ್ರದ ಬೆಳಕನ್ನು ನಾವೇ ಏರಿಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೈನಸ್ 1ಕ್ಕೆ, ಸಾಲದಿದ್ದರೆ ಇನ್ನೂ ಅರ್ಧ ಹಂತ ಕೆಳಗೆ ಇಳಿಸಿ ನೋಡಿ. ಎದೆಯ ಗರಿಗಳ ಎಳೆಗಳು ಕಾಣತೊಡಗುತ್ತವೆ. ಮೋಡದ ಬಿಳಿ ಬಾನಿನೆದುರು ರೆಕ್ಕೆ ಒಣಗಿಸುತ್ತ ಕುಳಿತ ನೀರುಕಾಗೆಗೆ ಇದರ ತದ್ವಿರುದ್ಧವಾಗಿ ಪ್ಲಸ್ 1 ಬೇಕು. ಚಿತ್ರಗಳನ್ನು ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಮಾದರಿಯಲ್ಲಿ ಉಳಿಸಿಕೊಂಡರೆ ಸಣ್ಣ ತಪ್ಪುಗಳನ್ನು ಮನೆಯಲ್ಲಿ ತಿದ್ದಬಹುದು, ಪೂರ್ತಿ ಸುಟ್ಟುಹೋದ ಬಿಳುಪನ್ನಲ್ಲ.

ಮಸುಕಿಗೆ ಪರಿಹಾರ ಸುಲಭ. ನಿಂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡ್, ಹಾರುವ ಬೆಳ್ಳಕ್ಕಿಗೆ 1/1600 ಅಥವಾ ಅದಕ್ಕೂ ಹೆಚ್ಚು ಇರಲಿ, ಫೋಕಸ್ ಚಲಿಸುವ ಹಕ್ಕಿಯನ್ನು ಹಿಂಬಾಲಿಸುವ ನಿರಂತರ ಕ್ರಮದಲ್ಲಿರಲಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿತೆಂದು ಹೆದರಬೇಡಿ. ಸ್ವಲ್ಪ ಕಾಳುಕಾಳಾದ ಚಿತ್ರವನ್ನು ಒಪ್ಪಬಹುದು, ಅಲುಗಿದ ಚಿತ್ರವನ್ನು ಒಪ್ಪಲಾಗದು.

ಪುರಿ ಬೇಡವೇ ಬೇಡ. ಹೆಜ್ಜಾರ್ಲೆ, ಬೆಳ್ಳಕ್ಕಿ, ಮಿಂಚುಳ್ಳಿಗಳಿಗೆ ಬೇಕಾದದ್ದು ಮೀನು, ಕಪ್ಪೆ, ಹುಳ. ಪುರಿಗೆ ಬರುವುದು ಪಾರಿವಾಳ, ಕಾಗೆ, ಅವುಗಳ ಹಿಂದೆ ಬೀದಿನಾಯಿಗಳು. ಮಿಕ್ಕದ್ದು ನೀರಿನಲ್ಲಿ ಕೊಳೆಯುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಕರೆಯುವುದೂ ಇಂಥದೇ ಅಡ್ಡದಾರಿ. ಗೂಡು ಕಂಡರೆ ದೂರವಿರಿ, ಚಿತ್ರ ಚೆನ್ನಾಗಿ ಬರಲೆಂದು ಅಡ್ಡವಿರುವ ಜೊಂಡನ್ನು ಸರಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ‘ಬೇಟೆ’ ಎಂಬ ಮಾತಿನ ವ್ಯಾಖ್ಯೆಯೊಳಗೆ ಹಕ್ಕಿಗಳ ಗೂಡಿಗೂ ಮೊಟ್ಟೆಗೂ ತೊಂದರೆ ಕೊಡುವುದನ್ನು ಸೇರಿಸಿದೆ. ದೊಡ್ಡ ಕ್ಯಾಮೆರಾ ಕಂಡರೆ ಕೆಲವು ಕೆರೆಗಳಲ್ಲಿ ಕಾವಲುಗಾರರು ತಡೆಯುವುದುಂಟು, ಗೇಟಿನಲ್ಲೇ ಕೇಳಿಕೊಂಡು ಒಳಗೆ ಹೋಗಿ.

ನಾಳೆಯಿಂದ ಒಂದು ವಾರ ಹೆಜ್ಜಾರ್ಲೆಯನ್ನು ಬಿಟ್ಟು, ನೀರಿನಲ್ಲಿ ಮುಳುಗಿ ಏಳುವ ಪುಟ್ಟ ಹಕ್ಕಿ ಗುಳುಮುಳುಕನನ್ನೇ ಗುರಿಯಾಗಿಸಿಕೊಳ್ಳಿ. ಅದು ಮುಳುಗಿದಾಗ ನೀವು ಕೈ ಸರಿಮಾಡಿಕೊಳ್ಳಬಹುದು, ಬೇಕಾದರೆ ಒಂದೆರಡು ಹೆಜ್ಜೆ ಸರಿದು ಕೂರಲೂಬಹುದು; ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಅದು ಎಲ್ಲೋ ಒಂದು ಕಡೆ ಮೇಲೇಳುವ ಹೊತ್ತಿಗೆ ನೀವು ಅಲುಗದೆ ಕುಳಿತಿದ್ದರಾಯಿತು.