ಸುರಂಗದ ಬಾಯಿಯ ಕಲ್ಲಿನ ಅಂಗಳ: ನಿಂತಿದ್ದೆಲ್ಲ ಸುರಕ್ಷಿತವೆ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಕೊಲೊರಾಡೊದ ಸಿಲ್ವರ್‌ಟನ್ ಸುತ್ತಲಿನ ಬೆಟ್ಟಗಳಲ್ಲಿ ಹಳೆಯ ಗಣಿಗಳನ್ನು ಕಂಡೆ. ಸುರಂಗದೊಳಗಿಂದ ತೆಗೆದ ಕಲ್ಲನ್ನು ಬಾಯಿಯ ಮುಂದೆಯೇ ಸುರಿದು ಸಮತಟ್ಟಾದ ಅಂಗಳ ಮಾಡಿಕೊಂಡಿದ್ದಾರೆ. ತಡೆಗೋಡೆಯಿಲ್ಲದೆ ಇಷ್ಟು ಕಾಲ ನಿಂತಿರುವ ಈ ಇಳಿಜಾರನ್ನೇ ಹೊಸ ಅಂಗಳಗಳಿಗೂ ಅನುಸರಿಸಬಹುದಲ್ಲವೆ?
– ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ಅನುಸರಿಸಬಾರದು. ಒಡೆದ ಕಲ್ಲನ್ನು ಮೇಲಿನಿಂದ ಸುರಿದಾಗ ಅದು ಉರುಳಿ, ಇನ್ನು ಉರುಳಲಾರದ ಕೋನದಲ್ಲಿ ತಾನಾಗಿಯೇ ನಿಲ್ಲುತ್ತದೆ. ಸಾಮಾನ್ಯವಾಗಿ ಅದು 35ರಿಂದ 40 ಡಿಗ್ರಿ. ಅಲ್ಲಿ ಕಲ್ಲನ್ನು ಜಾರಿಸುವ ಬಲವೂ ತಡೆಯುವ ಘರ್ಷಣೆಯೂ ಹೆಚ್ಚುಕಡಿಮೆ ಸಮವಾಗಿರುವುದರಿಂದ ಸುರಕ್ಷತಾ ಗುಣಾಂಕ, ಎಂದರೆ ತಡೆಯುವ ಬಲವು ಜಾರಿಸುವ ಬಲದ ಎಷ್ಟು ಪಟ್ಟು ಎಂಬ ಅಂಕಿ, 1ರ ಆಸುಪಾಸಿನಲ್ಲೇ ಇರುತ್ತದೆ; 1ಕ್ಕಿಂತ ಕೆಳಗಿಳಿದರೆ ಕಲ್ಲು ಜಾರುತ್ತದೆ. ತಾವು ಕಂಡ ರಾಶಿಗಳು ನಿಂತಿರುವುದು ನಿಜ, ಆದರೆ ಅಂಚಿನಲ್ಲಿ ನಿಂತಿವೆ.

ಕಲ್ಲಿನ ಘರ್ಷಣಾ ಕೋನ, ಎಂದರೆ ಒಣ ಕಲ್ಲು ಘರ್ಷಣೆಯೊಂದರಿಂದಲೇ ಜಾರದೆ ನಿಲ್ಲಬಲ್ಲ ಅತಿ ಕಡಿದಾದ ಕೋನ, 38 ಡಿಗ್ರಿ ಎಂದಿಟ್ಟುಕೊಳ್ಳೋಣ. 1 ಮೀಟರ್ ಎತ್ತರಕ್ಕೆ 1.5 ಮೀಟರ್ ಅಡ್ಡಳತೆಯ ಇಳಿಜಾರು ಕೊಟ್ಟರೆ ಗುಣಾಂಕ ಸುಮಾರು 1.17, 2 ಮೀಟರ್ ಕೊಟ್ಟರೆ ಸುಮಾರು 1.56. ಈ ಲೆಕ್ಕ ಒಣಗಿದ ಕಲ್ಲಿನ ಮೇಲ್ಪದರಕ್ಕೆ ಮಾತ್ರ ಸಲ್ಲುತ್ತದೆ. ಪದರವೆಲ್ಲ ತೋಯ್ದು ನೀರು ಇಳಿಜಾರಿನುದ್ದಕ್ಕೂ ಹರಿಯತೊಡಗಿದರೆ ಗುಣಾಂಕ ಅರ್ಧದಷ್ಟಕ್ಕೆ ಕುಸಿಯಬಲ್ಲದು.

ನೀರಿನ ವಿಷಯವನ್ನು ಒತ್ತಿ ಹೇಳಲು ಕಾರಣವಿದೆ. ಸುರಿಯುವಾಗ ದಪ್ಪ ಕಲ್ಲುಗಳು ಬುಡಕ್ಕೆ ಉರುಳಿ, ಪುಡಿ ಮತ್ತು ಸಣ್ಣ ಜಲ್ಲಿ ಮೇಲ್ಭಾಗದಲ್ಲೇ ಉಳಿಯುತ್ತವೆ. ಬುಡದಿಂದ ನೀರು ಬಸಿದುಹೋಗುವುದು ಒಳ್ಳೆಯದೇ, ಆದರೆ ಪುಡಿ ತುಂಬಿದ ಮೇಲ್ಭಾಗ ಹಿಮ ಕರಗಿದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಸು ತೇವದಲ್ಲಿ ಕಡಿದಾಗಿ ನಿಂತ ಅಂಚು ಪೂರ್ತಿ ತೋಯ್ದಾಗ ಕಳಚಿಕೊಳ್ಳುತ್ತದೆ. ಸುರಂಗವೂ ಒಂದು ಒರತೆಯೇ ಎಂಬುದನ್ನು ಮರೆಯಬಾರದು. ಸಿಲ್ವರ್‌ಟನ್ ಸಮೀಪದ ಗೋಲ್ಡ್ ಕಿಂಗ್ ಗಣಿಯಲ್ಲಿ, ಕುಸಿದ ಕಲ್ಲುಮಣ್ಣಿನ ಹಿಂದೆ ನೀರು ಒತ್ತಡದಿಂದ ನಿಂತಿತ್ತು. 2015ರ ಆಗಸ್ಟ್ 5ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ತಂಡ ಆ ಬಾಯಿಯ ಬಳಿ ಅಗೆಯುತ್ತಿದ್ದಾಗ ಅದು ಒಡೆದು, ಸುಮಾರು 30 ಲಕ್ಷ ಗ್ಯಾಲನ್, ಎಂದರೆ 1.1 ಕೋಟಿ ಲೀಟರಿಗೂ ಹೆಚ್ಚು ಕಲುಷಿತ ನೀರು, ಬಾಯಿಯ ಸಡಿಲ ಕಲ್ಲುಮಣ್ಣನ್ನೂ ಕೊರೆದುಕೊಂಡು ಹರಿಯಿತು. ಅನಿಮಾಸ್ ನದಿ ಹಳದಿಗೆ ತಿರುಗಿತು. ಇದು ಇಳಿಜಾರು ತಾನಾಗಿ ಜಾರಿದ ಪ್ರಕರಣವಲ್ಲವಾದರೂ, ಅಂಗಳದ ಭದ್ರತೆಯನ್ನು ಸುರಂಗದೊಳಗಿನ ನೀರಿನಿಂದ ಬೇರ್ಪಡಿಸಿ ನೋಡಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತೋಚದು.

ಹೊಸ ಅಂಗಳ ಮಾಡುವವರು ಮೊದಲು ನೋಡಬೇಕಾದದ್ದು ಕಲ್ಲನ್ನಲ್ಲ, ಅದರಡಿಯ ನೆಲವನ್ನು. ಹುಲ್ಲು, ಮೇಲ್ಮಣ್ಣು ಅಥವಾ ಹಿಮದ ಮೇಲೆಯೇ ಸುರಿದರೆ ಆ ಪದರವೇ ಜಾರುಹಾಸಾಗುತ್ತದೆ. ಅದನ್ನು ತೆಗೆದು, ಗಟ್ಟಿ ನೆಲದಲ್ಲಿ ಮೆಟ್ಟಿಲು ಕಡಿದು, ಬುಡದಿಂದ ಮೇಲಕ್ಕೆ ಪದರ ಪದರವಾಗಿ ಹರಡಿ ರೋಲರ್ ಹಾಯಿಸಬೇಕು. ಸುರಂಗದ ನೀರನ್ನು ಕಾಲುವೆ ಅಥವಾ ಪೈಪಿನಲ್ಲಿ ಅಂಗಳದಾಚೆ ಸಾಗಿಸಬೇಕು. ವಾಹನ ಓಡಾಡುವ ಅಂಚಿಗೆ, ಅಮೆರಿಕದ ಗಣಿ ಸುರಕ್ಷತಾ ನಿಯಮ ಹೇಳುವಂತೆ, ಅಲ್ಲಿ ಬರುವ ಅತಿ ದೊಡ್ಡ ವಾಹನದ ಚಕ್ರದ ಅಚ್ಚಿನ (ಆಕ್ಸಲ್) ಮಟ್ಟದಷ್ಟಾದರೂ ಎತ್ತರದ ತಡೆದಿಬ್ಬ ಬೇಕು.

ತಾವು ಮತ್ತೆ ಅಲ್ಲಿಗೆ ಹೋದರೆ ದಯವಿಟ್ಟು ಅಂಚಿನ ಬಳಿ ನಿಲ್ಲಬೇಡಿ. ಅಂಚಿಗೆ ಸಮಾನಾಂತರವಾದ ಬಿರುಕು, ಉಬ್ಬಿದ ಬುಡ, ಅಲ್ಲಿಂದ ಜಿನುಗುವ ಕೆಸರುನೀರು, ಇವುಗಳಲ್ಲಿ ಒಂದು ಕಂಡರೂ ಆ ರಾಶಿ ಚಲಿಸತೊಡಗಿರಬಹುದು.